ಒಳ್ಳೆಯ ಬ್ರೆಡ್ ಪುಡ್ಡಿಂಗ್ ಎಲ್ಲಿ? ಕಾರವಾರದಿಂದ ಭಟ್ಕಳದವರೆಗೆ, ನಡುವೆ ಶಿರಸಿ

ಕಾರವಾರದ ಹೋಟೆಲಿನಲ್ಲಿ ಮೀನಿನ ಊಟ ಮುಗಿಸಿ "ಪುಡ್ಡಿಂಗ್ ಇದೆಯಾ?" ಎಂದು ಕೇಳಿದರೆ ಮೂರರಲ್ಲಿ ಒಂದು ಬರುತ್ತದೆ. ಮೇಲಿಂದ ಕಂದು ಪಾಕ ಇಳಿಯುವ ಕ್ಯಾರಮಲ್ ಪುಡ್ಡಿಂಗ್ ಬರಬಹುದು. ಚೈನಾ ಗ್ರಾಸ್ ಹಾಕಿ ಫ್ರಿಜ್ಜಿನಲ್ಲಿ ಗಟ್ಟಿ ಮಾಡಿದ, ಚಮಚ ತಾಗಿದರೆ ನಡುಗುವ ಬಿಳಿ ತುಂಡು ಬರಬಹುದು. ಅದೂ ಅಲ್ಲದಿದ್ದರೆ ಬಾಳೆಹಣ್ಣು, ದಾಳಿಂಬೆ ಬೆರೆಸಿದ ಹಳದಿ ಕಸ್ಟರ್ಡ್. ಬ್ರೆಡ್ ಪುಡ್ಡಿಂಗ್ ಬೇಕಾದವರು "ಬ್ರೆಡ್" ಎಂಬುದನ್ನು ಬಿಡಿಸಿ ಹೇಳಬೇಕು. ಹೇಳಿದ ಮೇಲೂ ಮಾಣಿ ಒಳಗೆ ಹೋಗಿ ವಿಚಾರಿಸಿಕೊಂಡು ಬರುತ್ತಾನೆ. ಹಾಗೆ ಅವನು ಒಳಗೆ ಹೋಗಿ ಬರುವ ತನಕ ಕಾದು ಕೂತು, ನಮ್ಮ ಉತ್ತರ ಕನ್ನಡ ಜಿಲ್ಲೆಯ ಉದ್ದಕ್ಕೂ ನಾನು ಈ ತಿಂಡಿಯನ್ನು ಹುಡುಕಿಕೊಂಡು ತಿಂದಿದ್ದೇನೆ. ಬೆಂಗಳೂರು, ಹುಬ್ಬಳ್ಳಿಯಿಂದ ಬರುವ ಸ್ನೇಹಿತರು ಪ್ರತಿ ಸಲ ಕೇಳುವುದರಿಂದ, ಎಲ್ಲಿ ಏನು ಸಿಗುತ್ತದೆ, ಯಾರಿಗೆ ಯಾವುದು ಹಿಡಿಸೀತು ಎಂದು ಒಮ್ಮೆ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಹೋಟೆಲುಗಳ ಹೆಸರು ಕೊಡುವುದಿಲ್ಲ. ಅಡುಗೆಯವರು ಬದಲಾದರೆ ಪುಡ್ಡಿಂಗೂ ಬದಲಾಗುತ್ತದೆ, ಬೋರ್ಡು ಮಾತ್ರ ಅದೇ ಇರುತ್ತದೆ. ಯಾವ ಊರಿನಲ್ಲಿ ಯಾವ ಬಗೆಯ ಅಡುಗೆಮನೆ ಹುಡುಕಬೇಕು, ಒಳಗೆ ಹೋದ ಮೇಲೆ ಏನು ಕೇಳಬೇಕು ಎಂಬುದು ತಿಳಿದಿದ್ದರೆ ಹೆಸರಿನ ಹಂಗು ಬೇಕಿಲ್ಲ.

ಒಳ್ಳೆಯದು ಅಂದರೆ ಯಾವುದು

ಬ್ರೆಡ್ ಪುಡ್ಡಿಂಗ್ ಉಳಿಕೆಯ ಅಡುಗೆ. ಇಂಗ್ಲೆಂಡಿನಲ್ಲಿ ಅದಕ್ಕೆ ಬಡವರ ಪುಡ್ಡಿಂಗ್ ಎಂಬ ಹೆಸರೂ ಇತ್ತು. ರಾತ್ರಿ ಉಳಿದ ಅನ್ನವನ್ನು ಬೆಳಗಿನ ದೋಸೆ ಹಿಟ್ಟಿಗೆ ಅರೆದು ಹಾಕುವ ನಮ್ಮ ಮನೆಗಳ ಬುದ್ಧಿಯೇ ಅಲ್ಲಿಯದೂ. ನಿನ್ನೆಯ ಬ್ರೆಡ್, ಹಾಲು, ಮೊಟ್ಟೆ, ಸಕ್ಕರೆ, ಸ್ವಲ್ಪ ಬೆಣ್ಣೆ, ತುರಿದ ಜಾಯಿಕಾಯಿ. ಇಷ್ಟೇ ಸಾಮಾನು ಇರುವುದರಿಂದ ಯಾವುದೊಂದು ಕೆಟ್ಟರೂ ಅಡಗಿಸಲು ಜಾಗವಿಲ್ಲ.

ಮೊದಲು ಬ್ರೆಡ್. ಇವತ್ತು ಸುಟ್ಟ ಮೆತ್ತನೆಯ ಬ್ರೆಡ್ ಹಾಲಿಗೆ ಬಿದ್ದರೆ ಕರಗಿ ಗಂಜಿಯಾಗುತ್ತದೆ. ಒಂದು ದಿನ ಕಳೆದ ಬ್ರೆಡ್ಡಿನಲ್ಲಿ ಪಿಷ್ಟ ಬಿಗಿದುಕೊಂಡಿರುತ್ತದೆ, ನೀರಿನಂಶವೂ ಇಳಿದಿರುತ್ತದೆ. ಅದು ಹಾಲನ್ನು ಹೀರಿಕೊಂಡೂ ತನ್ನ ಆಕಾರ ಬಿಡುವುದಿಲ್ಲ. ತೊಂದರೆ ಏನೆಂದರೆ, ನಮ್ಮ ಕರಾವಳಿಯ ಹವೆಯಲ್ಲಿ ಬ್ರೆಡ್ ಒಣಗುವುದೇ ಕಷ್ಟ. ಮಳೆಗಾಲದಲ್ಲಂತೂ ಎರಡನೇ ದಿನಕ್ಕೇ ಹಸಿರು ಬೂಸಲು ಕಾಣುತ್ತದೆ. ಬೂಸಲು ಬಂದ ತುಂಡನ್ನು ಕಿತ್ತು ಉಳಿದದ್ದನ್ನು ಬಳಸುವವರು ಇದ್ದಾರೆ, ಅದು ತಪ್ಪು. ಮೆತ್ತನೆಯ ಬ್ರೆಡ್ಡಿನಲ್ಲಿ ಬೂಸಲಿನ ಎಳೆ ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಇಳಿದಿರುತ್ತದೆ. ತಿಳಿದ ಅಡುಗೆಯವರು ಬ್ರೆಡ್ಡನ್ನು ಹಂಚಿನ ಮೇಲೋ ಓವನ್ನಿನಲ್ಲೋ ಸ್ವಲ್ಪ ಒಣಗಿಸಿಯೇ ಹಾಲಿಗೆ ಹಾಕುತ್ತಾರೆ.

ಆಮೇಲೆ ಹದ. ಮೊಟ್ಟೆ, ಹಾಲು, ಸಕ್ಕರೆ ಸೇರಿದ ಮಿಶ್ರಣ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಅದಕ್ಕಿಂತ ತುಸು ಮೇಲೆ ಹೋದರೂ ಒಡೆದು ನೀರು ಬಿಡುತ್ತದೆ. ಅದಕ್ಕೇ ಪಾತ್ರೆಯನ್ನು ಬಿಸಿನೀರಿನ ತಾಟಿನಲ್ಲಿ ಇಟ್ಟು ಬೇಯಿಸುವುದು, ಬೆಂಕಿ ನೇರವಾಗಿ ತಾಗಬಾರದು. ತಟ್ಟೆಯಲ್ಲಿ ತುಂಡಿನ ಸುತ್ತ ತೆಳ್ಳಗೆ ನೀರು ನಿಂತಿದ್ದು, ಒಳಗೆ ಸಣ್ಣ ಸಣ್ಣ ತೂತು ಕಂಡರೆ ಉರಿ ಹೆಚ್ಚಾಗಿದೆ ಎಂದರ್ಥ. ಅಂಥದರಲ್ಲಿ ಮೊಟ್ಟೆಯ ವಾಸನೆಯೂ ಮೇಲೆ ಬರುತ್ತದೆ. "ನನಗೆ ಬ್ರೆಡ್ ಪುಡ್ಡಿಂಗ್ ಆಗುವುದಿಲ್ಲ, ಮೊಟ್ಟೆ ನಾತ" ಎನ್ನುವವರಲ್ಲಿ ಹೆಚ್ಚಿನವರು ಹೀಗೆ ಉರಿ ಹೆಚ್ಚಾದದ್ದನ್ನೇ ತಿಂದವರು.

ಸಿಹಿಯ ಬಗ್ಗೆ ನನ್ನದು ಒಂದೇ ಮಾತು: ಎರಡನೇ ತುತ್ತಿಗೆ ನೀರು ಕುಡಿಯಬೇಕು ಅನಿಸಿದರೆ ಸಕ್ಕರೆ ಜಾಸ್ತಿಯಾಗಿದೆ.

ಕಾರವಾರ, ಸದಾಶಿವಗಡ, ಮಾಜಾಳಿ

ಮೊದಲ ಸ್ಥಾನ ಇಲ್ಲಿಗೇ. ಊರಿನ ಅಭಿಮಾನದಿಂದ ಹೇಳುತ್ತಿಲ್ಲ, ಇಲ್ಲಿಯ ಪಾವ್ ಅದಕ್ಕೆ ಕಾರಣ. ಮಾಜಾಳಿ ದಾಟಿದರೆ ಗೋವಾದ ಕಾಣಕೋಣ. ಪೋರ್ಚುಗೀಸರ ಕಾಲದಲ್ಲಿ ಗೋವೆಯಲ್ಲಿ ಬೇರುಬಿಟ್ಟ ಭಟ್ಟಿಯ ಪಾವ್, ಗಡಿಯನ್ನು ಲೆಕ್ಕಿಸದೆ ಕಾಳಿ ನದಿಯ ಈಚೆಗೂ ನಮ್ಮ ಬೆಳಗಿನ ತಿಂಡಿಯಾಗಿದೆ. ಯೀಸ್ಟ್ ಸುಲಭವಾಗಿ ಸಿಗದಿದ್ದ ದಿನಗಳಲ್ಲಿ ಅಲ್ಲಿಯ ಪೋದೆರರು, ಅಂದರೆ ಪಾವ್ ಸುಡುವವರು, ತೆಂಗಿನ ಕಳ್ಳು ಹಾಕಿ ಹಿಟ್ಟು ಹುಳಿ ಬರಿಸುತ್ತಿದ್ದರು. ಪ್ಯಾಕೆಟ್ಟಿನ ಸ್ಯಾಂಡ್‌ವಿಚ್ ಬ್ರೆಡ್ಡಿಗೂ ಭಟ್ಟಿಯ ಪಾವಿಗೂ ಇರುವ ವ್ಯತ್ಯಾಸ ಪುಡ್ಡಿಂಗಿನಲ್ಲಿ ಎದ್ದು ಕಾಣುತ್ತದೆ. ಪ್ಯಾಕೆಟ್ ಬ್ರೆಡ್ಡಿಗೆ ಮೊದಲೇ ಸಕ್ಕರೆ ಬಿದ್ದಿರುತ್ತದೆ, ಅಂಚೂ ಮೆತ್ತಗೆ. ಪಾವಿಗೆ ಸಿಪ್ಪೆ ಇದೆ. ಆ ಸಿಪ್ಪೆ ಹಾಲಿನಲ್ಲಿ ನೆನೆದು ಬೆಂದ ಮೇಲೂ ಹಲ್ಲಿಗೆ ಸ್ವಲ್ಪ ತಡೆ ಕೊಡುತ್ತದೆ. ತವುಡಿನ ಲೇಪವಿರುವ, ಪೊಯಿ ಎಂಬ ಗೋವೆಯ ಬ್ರೆಡ್ಡಿನಿಂದ ಮಾಡಿದ್ದು ಒಮ್ಮೆ ಸಿಕ್ಕಿತ್ತು. ಬಣ್ಣ ಚೆನ್ನಾಗಿರಲಿಲ್ಲ, ರುಚಿ ಇವತ್ತಿಗೂ ನೆನಪಿದೆ.

ಇಲ್ಲಿ ಹುಡುಕಬೇಕಾದದ್ದು ಗೋವೆ ಬಗೆಯ ಅಡುಗೆ ಮಾಡುವ, ಆರೆಂಟು ಮೇಜಿನ ಸಣ್ಣ ಹೋಟೆಲು. ದೊಡ್ಡ ಖಾನಾವಳಿಗಳಲ್ಲಿ ಊಟದ ಮೇಲೆ ಸೋಲ್‌ಕಡಿ ಕುಡಿದು ಏಳುವವರೇ ಹೆಚ್ಚು, ಸಿಹಿಗೆ ಅಲ್ಲಿ ಜಾಗವಿಲ್ಲ. ಸಣ್ಣ ಹೋಟೆಲಿನಲ್ಲಿ ಒಂದೇ ಟ್ರೇ ಮಾಡಿರುತ್ತಾರೆ, ಸಂಜೆಗೆ ಮುಗಿದಿರುತ್ತದೆ. ನನಗೆ ಅದೇ ಒಳ್ಳೆಯ ಲಕ್ಷಣ. ಭಾನುವಾರ ಮಧ್ಯಾಹ್ನ ಸಿಗುವ ಸಾಧ್ಯತೆ ಜಾಸ್ತಿ. ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹತ್ತಿರ ಬಂದಂತೆ, ಬೇಕರಿಗಳಲ್ಲೂ ಕಾಣಿಸುತ್ತದೆ. ಆಗ ಅದರ ಪಕ್ಕದಲ್ಲೇ ದೋದೋಲ್, ನೆವ್ರಿಯಂಥ ಹಬ್ಬದ ಸಿಹಿಗಳು ಇರುತ್ತವೆ, ಕಣ್ಣು ಆಚೀಚೆ ಹೋಗದಂತೆ ನೋಡಿಕೊಳ್ಳಿ.

ನಾನು ಈ ತಿಂಡಿ ಕಲಿತದ್ದು ಕೋಡಿಬಾಗದ ನಮ್ಮ ಪಕ್ಕದ ಮನೆಯಲ್ಲಿ. ಅವರ ಮನೆಯಲ್ಲಿ ಓವನ್ ಇರಲಿಲ್ಲ. ಆ ಮನೆಯ ಮಾವಶಿ ಅಲ್ಯೂಮಿನಿಯಂ ಡಬ್ಬಿಗೆ ತುಪ್ಪ ಸವರಿ, ಪಾವಿನ ಚೂರು ಜೋಡಿಸಿ, ತೆಂಗಿನ ಹಾಲು ಬೆರೆಸಿದ ಮೊಟ್ಟೆ ಹಾಲು ಸುರಿದು, ಅರ್ಧ ತಾಸು ಸುಮ್ಮನೆ ಬಿಡುತ್ತಿದ್ದರು. ಆಮೇಲೆ ಇಡ್ಲಿ ಪಾತ್ರೆಯಲ್ಲಿ ಹಬೆ. ಮುಚ್ಚಳದ ಹನಿ ಬೀಳಬಾರದೆಂದು ಡಬ್ಬಿಯ ಮೇಲೆ ಬಟ್ಟೆ. "ಗಡಿಬಿಡಿ ಮಾಡಬೇಡ, ಪಾವ್ ಹಾಲು ಕುಡಿಯಲಿ" ಎನ್ನುತ್ತಿದ್ದರು. ಆ ಅರ್ಧ ತಾಸು ಕೊಡದ ಪುಡ್ಡಿಂಗನ್ನು ಈಗ ನಾನು ಮೊದಲ ತುತ್ತಿಗೇ ಗುರುತು ಹಿಡಿಯುತ್ತೇನೆ. ತುಂಡಿನ ನಡುವೆ ಒಣ ಬಿಳಿ ಬ್ರೆಡ್ ಹಾಗೇ ಇರುತ್ತದೆ.

ಹಬೆಯದಕ್ಕೂ ಓವನ್ನಿನದಕ್ಕೂ ಹೋಲಿಕೆ ಕೇಳಿದರೆ, ಹಬೆಯದು ಒಂದೇ ಸಮ ಮೆದು, ಹಲಸಿನ ಕಡುಬಿಗೆ ಹತ್ತಿರ. ಓವನ್ನಿನದಕ್ಕೆ ಮೇಲೆ ಕಂದು ಹಪ್ಪಳಿಕೆ ಬರುತ್ತದೆ, ಒಳಗೆ ಮೆದು, ಎರಡೂ ಒಟ್ಟಿಗೆ ಬಾಯಿಗೆ ಸಿಗುತ್ತದೆ. ಮನೆಯಲ್ಲಾದರೆ ನನಗೆ ಹಬೆಯದು, ಹೋಟೆಲಿನಲ್ಲಾದರೆ ಓವನ್ನಿನದು. ಹೋಟೆಲಿನವರು ಹಬೆಯಲ್ಲಿ ಮಾಡಿದ್ದನ್ನು ಫ್ರಿಜ್ಜಿನಲ್ಲಿಟ್ಟು ಕೊಡುವಾಗ ಅದು ರಬ್ಬರಿನಂತಾಗಿರುತ್ತದೆ. ಓವನ್ನಿನದನ್ನು ಮತ್ತೆ ಬಿಸಿ ಮಾಡಿ ಕೊಡಬಹುದು, ಹಾಳಾಗುವುದು ಕಡಿಮೆ.

ಗೋಕರ್ಣದ ಕಡಲ ದಂಡೆ

ಕುಡ್ಲೆ, ಓಂ ಬೀಚುಗಳ ಕೆಫೆಗಳ ಮೆನು ಉದ್ದ. ಪರದೇಶದ ಪ್ರವಾಸಿಗರಿಗಾಗಿ ಶುರುವಾದ ಅಡುಗೆ ಅದು, ಈಗ ನಮ್ಮವರೇ ಹೆಚ್ಚು ತಿನ್ನುತ್ತಾರೆ. ಸಿಹಿಯ ಪಟ್ಟಿಯಲ್ಲಿ ರಾಜ್ಯಭಾರ ಮಾಡುವುದು ಬಿಸ್ಕತ್ತು, ಬಾಳೆಹಣ್ಣು, ಐಸ್‌ಕ್ರೀಮ್, ಚಾಕಲೇಟ್ ಸೇರಿಸಿದ "ಹಲೋ ಟು ದಿ ಕ್ವೀನ್". ಬ್ರೆಡ್ ಪುಡ್ಡಿಂಗ್ ಇದ್ದರೂ ಅದರ ಮೇಲೆ ಚಾಕಲೇಟ್ ಸಾಸ್ ಸುರಿದು ಐಸ್‌ಕ್ರೀಮ್ ಕೂರಿಸಿ ಕೊಡುತ್ತಾರೆ. ಸೂರ್ಯ ಮುಳುಗುವುದನ್ನು ನೋಡುತ್ತಾ, ನಾಲ್ಕು ಜನ ಒಂದು ತಟ್ಟೆಯಲ್ಲಿ ತಿನ್ನಲು ಚೆನ್ನ. ಪುಡ್ಡಿಂಗಿನ ರುಚಿ ನೋಡಬೇಕೆಂದು ಹೋದವರಿಗೆ ನಿರಾಸೆ. "ಸಾಸ್ ಬೇರೆ ಬಟ್ಟಲಲ್ಲಿ ಕೊಡಿ" ಎಂದು ಕೇಳಿ ನೋಡಿ. ಕೊಡಲು ಹಿಂದೆಮುಂದೆ ನೋಡಿದರೆ ಆ ಪುಡ್ಡಿಂಗ್ ಸಾಸ್ ಇಲ್ಲದೆ ತೋರಿಸುವಂಥದ್ದಲ್ಲ ಎಂದು ತಿಳಿಯಿರಿ.

ಮಳೆಗಾಲದಲ್ಲಿ ದಂಡೆಯ ಎಷ್ಟೋ ಕೆಫೆಗಳು ಮುಚ್ಚಿರುತ್ತವೆ, ಈ ಲೆಕ್ಕ ಅಕ್ಟೋಬರಿನಿಂದ ಬೇಸಿಗೆಯ ತನಕ ಮಾತ್ರ. ಗೋಕರ್ಣದ ಪೇಟೆ ಬೀದಿಯ ಮಾತು ಬೇರೆ, ದೇವಸ್ಥಾನದ ಸುತ್ತ ಸಸ್ಯಾಹಾರವೇ ನಡೆಯುವುದರಿಂದ ಅಲ್ಲಿ ಇದನ್ನು ಹುಡುಕಬೇಡಿ.

ಭಟ್ಕಳ: ಅದು ಬೇರೆಯೇ ತಿಂಡಿ

ಭಟ್ಕಳದ ಬಿರಿಯಾನಿ ಹೋಟೆಲಿನಲ್ಲಿ ಬ್ರೆಡ್ಡಿನ ಸಿಹಿ ಎಂದರೆ ಶಾಹಿ ತುಕಡಾ. ಹೈದರಾಬಾದಿನ ಡಬಲ್ ಕಾ ಮೀಠಾ ಅದರ ಒಡಹುಟ್ಟು. ಡಬಲ್ ರೋಟಿ ಎಂದರೆ ಬ್ರೆಡ್ಡೇ. ಇಲ್ಲಿ ಮೊಟ್ಟೆಯಿಲ್ಲ. ಬ್ರೆಡ್ಡನ್ನು ತುಪ್ಪದಲ್ಲಿ ಕರಿದು, ಸಕ್ಕರೆ ಪಾಕದಲ್ಲಿ ಅದ್ದಿ, ಮೇಲೆ ಬತ್ತಿಸಿದ ಹಾಲು ಸುರಿಯುತ್ತಾರೆ. ಕೇಸರಿ, ಏಲಕ್ಕಿ, ಬಾದಾಮಿ. ಬ್ರೆಡ್ ಪುಡ್ಡಿಂಗಿನಲ್ಲಿ ಬ್ರೆಡ್ಡೂ ಹಾಲೂ ಒಂದಾಗುತ್ತವೆ. ಇಲ್ಲಿ ಒಂದರ ಮೇಲೊಂದು ಕೂತು ತಂತಮ್ಮ ರುಚಿ ಉಳಿಸಿಕೊಳ್ಳುತ್ತವೆ. ಹಾಗಾಗಿ ಯಾವುದು ಮೇಲು ಎಂಬ ಜಗಳಕ್ಕೆ ಅರ್ಥವಿಲ್ಲ.

ಆದರೂ ಆರಿಸಬೇಕಾಗಿ ಬಂದರೆ ಹೀಗೆ ಆರಿಸಿ. ಖಾರದ ಊಟ ಹೊಟ್ಟೆ ತುಂಬ ಆಗಿದ್ದರೆ ಶಾಹಿ ತುಕಡಾ ಒಂದು ತುಂಡು ಸಾಕು, ಇಬ್ಬರು ಹಂಚಿಕೊಂಡರೂ ಸರಿಯೇ. ಸಂಜೆ ಹಸಿವಿಗೆ, ಚಹಾದ ಜೊತೆ, ಬರೀ ಅದನ್ನೇ ತಿನ್ನುವುದಾದರೆ ಬ್ರೆಡ್ ಪುಡ್ಡಿಂಗ್. ಮೊಟ್ಟೆ ತಿನ್ನದವರು ಕರಾವಳಿಯಲ್ಲಿ ಬ್ರೆಡ್ಡಿನ ಸಿಹಿ ಬೇಕೆಂದರೆ ಭಟ್ಕಳಕ್ಕೇ ಬರಬೇಕು, ಆದರೆ ಅದೇ ಅಡುಗೆಮನೆಯಲ್ಲಿ ಮಾಂಸ ಬೇಯುತ್ತದೆ ಎಂಬುದು ಗೊತ್ತಿರಲಿ. ತುಪ್ಪವೋ ವನಸ್ಪತಿಯೋ ಎಂಬುದನ್ನು ತಣ್ಣಗಾದ ತುಂಡು ಹೇಳುತ್ತದೆ. ವನಸ್ಪತಿಯದಾದರೆ ಅಂಗುಳಿಗೆ ಮೇಣ ಮೆತ್ತಿದಂತಾಗುತ್ತದೆ.

ಶಿರಸಿ: ಮೊಟ್ಟೆ ಇಲ್ಲದೆ

ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದರೆ ಬೇಕರಿಯ ಗಾಜಿನ ಕಪಾಟಿನಲ್ಲೇ "ಮೊಟ್ಟೆ ರಹಿತ" ಎಂಬ ಚೀಟಿ ಕಾಣುತ್ತದೆ. ಬ್ರೆಡ್ ಪುಡ್ಡಿಂಗ್ ಇಲ್ಲಿ ಕಸ್ಟರ್ಡ್ ಪುಡಿಯ ಮೇಲೆ ನಿಂತಿದೆ. ಆ ಪುಡಿಯ ಕಥೆಯೂ ಇದೇ ಅಗತ್ಯದಿಂದ ಹುಟ್ಟಿದ್ದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ 1837ರಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಕಸ್ಟರ್ಡ್ ಪುಡಿ ಮಾಡಿದ್ದು, ತನ್ನ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ ಎಂದು. ಶಿರಸಿಯ ಬೇಕರಿಗೆ ಅದು ಇಷ್ಟು ಉಪಕಾರಕ್ಕೆ ಬಂದೀತೆಂದು ಆತನಿಗೆ ಹೇಗೆ ತಿಳಿದೀತು!

ಪಿಷ್ಟದಿಂದ ಗಟ್ಟಿಯಾದ ಪುಡ್ಡಿಂಗಿಗೆ ಮೊಟ್ಟೆಯದರ ನವಿರು ಬರುವುದಿಲ್ಲ. ಬಿಸಿಯಿದ್ದಾಗ ಸಡಿಲ, ತಣ್ಣಗಾದರೆ ಬಿಗಿ. ಅದಕ್ಕೆ ಇದನ್ನು ತಂಪಾಗಿಯೇ ತಿನ್ನಬೇಕು. ಬಿಸಿ ಮಾಡಿಸಿಕೊಂಡರೆ ಹರಿದುಹೋಗುತ್ತದೆ. ಬಣ್ಣ ತೀರ ಹಳದಿಯಾಗಿದ್ದರೆ, ಬಾಯಲ್ಲಿ ಹಿಟ್ಟಿನ ರುಚಿ ಉಳಿದರೆ ಪುಡಿ ಹಸಿಯಾಗಿ ಉಳಿದಿದೆ, ಹಾಲು ಸರಿಯಾಗಿ ಕುದಿದಿಲ್ಲ.

ಇಷ್ಟು ದೋಷ ಹೇಳಿದ ಮೇಲೂ ಶಿರಸಿಯನ್ನು ನಾನು ಎರಡನೇ ಸ್ಥಾನದಲ್ಲಿ ಇಡುವುದು ಅಲ್ಲಿಯ ಪರಿಮಳಕ್ಕಾಗಿ. ಅಡಿಕೆ ತೋಟದ ನಡುವೆ ಬೆಳೆಯುವ ಜಾಯಿಕಾಯಿ, ಜಾಪತ್ರೆ, ಏಲಕ್ಕಿ, ದಾಲ್ಚಿನ್ನಿ ಕೈಯಳತೆಯಲ್ಲಿವೆ. ವೆನಿಲಾ ಕೂಡ. 2000ದ ನಂತರದ ಕೆಲವು ವರ್ಷ ಹಸಿ ವೆನಿಲಾ ಕೋಡಿಗೆ ಕಿಲೋ ಒಂದಕ್ಕೆ ಸಾವಿರಾರು ರೂಪಾಯಿ ಸಿಗುತ್ತಿತ್ತು. ರಾತ್ರಿ ತೋಟ ಕಾಯುತ್ತಿದ್ದರು. ಆಮೇಲೆ ದರ ಒಮ್ಮೆಲೇ ಬಿತ್ತು, ಬಳ್ಳಿ ಕಿತ್ತವರೇ ಹೆಚ್ಚು. ಬಳ್ಳಿ ಉಳಿಸಿಕೊಂಡ ಒಂದು ಮನೆಯಲ್ಲಿ ಸಕ್ಕರೆ ಡಬ್ಬಿಯೊಳಗೆ ಒಣಗಿದ ಕೋಡು ಹುದುಗಿಸಿಟ್ಟಿದ್ದನ್ನು ನೋಡಿದ್ದೇನೆ. ಆ ಸಕ್ಕರೆ ಹಾಕಿ ಅಲ್ಲಿಯ ಅತ್ತಿಗೆ ಮಾಡಿಕೊಟ್ಟ ಪುಡ್ಡಿಂಗಿನ ಮುಂದೆ ಬಾಟಲಿಯ ಎಸೆನ್ಸಿನವೆಲ್ಲ ಸಪ್ಪೆ. ಮೇಲೆ ಅವರು ಹನಿಸಿದ್ದು ಜೋನಿ ಬೆಲ್ಲ, ಅಂದರೆ ಗಟ್ಟಿಯಾಗದ ದ್ರವ ಬೆಲ್ಲ. ಕ್ಯಾರಮಲ್ಲಿನ ಕಹಿಯಂಚು ಅದಕ್ಕೆ ಇಲ್ಲ, ಬದಲಿಗೆ ಕಬ್ಬಿನ ಹಾಲಿನ ಘಮ ಇದೆ. ಕಬ್ಬಿನ ಹಾಲಿನಿಂದ ಕಾಗದದಷ್ಟು ತೆಳ್ಳಗೆ ಮಾಡುವ ತೊಡದೇವು ತಿಂದು ಬೆಳೆದ ನಾಲಿಗೆಗೆ ಅದು ಕೂಡಲೇ ಒಗ್ಗುತ್ತದೆ. ಹೋಟೆಲಿನವರು ಇದನ್ನೇಕೆ ಮಾಡುವುದಿಲ್ಲ ಎಂದು ಪ್ರತಿ ಸಲ ಅನಿಸುತ್ತದೆ. ಜೋನಿ ಬೆಲ್ಲದ ಡಬ್ಬಿ ಅಲ್ಲಿಯ ಪೇಟೆಯಲ್ಲೇ ಸಿಗುತ್ತದೆ, ನೀವೇ ಒಂದು ಕೊಂಡು ಬೇಕರಿಯ ಪುಡ್ಡಿಂಗಿನ ಮೇಲೆ ಹನಿಸಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ.

ರೆಸಾರ್ಟಿನ ಬಫೆ

ಬೇಡ. ಒಂದು ರೆಸಾರ್ಟಿನಲ್ಲಿ, ತಂಗಿಯ ಮಗನ ಹುಟ್ಟುಹಬ್ಬಕ್ಕೆ ಹೋದಾಗ, ರಾತ್ರಿ ಒಂಬತ್ತೂವರೆಗೆ ತಟ್ಟೆಗೆ ಹಾಕಿಕೊಂಡ ಪುಡ್ಡಿಂಗ್ ಹುಳಿ ಹೊಡೆದಿತ್ತು. ಸಂಜೆಯಿಂದ ಮೇಜಿನ ಮೇಲೆ ಹಾಗೇ ಇತ್ತೆಂದು ಆಮೇಲೆ ಗೊತ್ತಾಯಿತು. ಮಕ್ಕಳು ತಿಂದಿದ್ದರು. ಇಬ್ಬರಿಗೆ ಮರುದಿನ ಹೊಟ್ಟೆ ಕೆಟ್ಟಿತು. ಮೊಟ್ಟೆ ಹಾಲಿನ ತಿಂಡಿ ನಮ್ಮ ಸೆಕೆಯಲ್ಲಿ ಎರಡು ತಾಸಿಗಿಂತ ಹೊರಗೆ ಇರಬಾರದು. ಬಿಸಿಯಾಗಿ ಇಡಬೇಕು, ಇಲ್ಲ ತಣ್ಣಗೆ ಇಡಬೇಕು, ಉಗುರು ಬೆಚ್ಚಗೆ ಇಡಬಾರದು. ಬಫೆಯಲ್ಲಿ ಅದು ಯಾವಾಗಲೂ ಉಗುರು ಬೆಚ್ಚಗೇ ಇರುತ್ತದೆ. ಮಳೆಗಾಲದಲ್ಲಿ ಗಾಳಿ ಬಂದರೆ ಕರೆಂಟು ಹೋಗುವ ಊರು ನಮ್ಮದು, ಫ್ರಿಜ್ಜನ್ನೂ ಪೂರ್ತಿ ನಂಬುವ ಹಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗೆ ಬ್ರೆಡ್ ಪುಡ್ಡಿಂಗ್ ತಿನ್ನುವುದಾದರೆ, ಅಂದೇ ಮಾಡಿದ್ದು, ಬಿಸಿಯಿದ್ದದ್ದು ಮಾತ್ರ ತಿನ್ನಿ.

ಮಡಗಾಂವಿಗೆ ಹೋಗಬೇಕೆ

"ಇಷ್ಟು ಹುಡುಕುವ ಬದಲು ರೈಲು ಹತ್ತಿ ಮಡಗಾಂವಿಗೋ ಪಣಜಿಗೋ ಹೋಗಬಾರದೇ?" ಎಂದು ಕೇಳುತ್ತಾರೆ. ಬೇರೆ ಕೆಲಸವಿದ್ದರೆ ಹೋಗಿ. ಅಲ್ಲಿ ಆಯ್ಕೆ ಹೆಚ್ಚು ನಿಜ, ಅಲ್ಲಿಯ ಸಿಹಿಗಳ ರಾಣಿ ಬೆಬಿಂಕಾ. ತೆಂಗಿನ ಹಾಲು, ಮೊಟ್ಟೆಯ ಹಳದಿ, ತುಪ್ಪ, ಸಕ್ಕರೆ ಸೇರಿಸಿ ಒಂದು ಪದರ ಬೆಂದ ಮೇಲೆ ಇನ್ನೊಂದು ಪದರ ಹೊಯ್ಯುತ್ತಾ ಹೋಗುವುದು, ಸಂಪ್ರದಾಯದಂತೆ ಏಳು ಪದರ, ಕೆಲವರು ಹದಿನಾರರ ತನಕ. 2023ರಲ್ಲಿ ಗೋವೆಯ ಬೆಬಿಂಕಾಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಆದರೆ ಬ್ರೆಡ್ ಪುಡ್ಡಿಂಗಿಗಾಗಿಯೇ ಗಡಿ ದಾಟುವ ಅಗತ್ಯ ನನಗೆ ಕಂಡಿಲ್ಲ. ಸದಾಶಿವಗಡದಲ್ಲಿ ಒಳ್ಳೆಯ ದಿನ ಸಿಕ್ಕಿದ್ದು ಪಣಜಿಯದಕ್ಕಿಂತ ಕಡಿಮೆ ಇರಲಿಲ್ಲ.

ಹೋಟೆಲಿನಲ್ಲಿ ಕೂತ ಮೇಲೆ

ನಾನು ಕೇಳುವುದು ಎರಡೇ. "ಇದು ಪಾವಿನದೋ ಪ್ಯಾಕೆಟ್ ಬ್ರೆಡ್ಡಿನದೋ?" ಮತ್ತು "ಇವತ್ತಿನದಾ, ನಿನ್ನೆಯದಾ?" ಬ್ರೆಡ್ ನಿನ್ನೆಯದಾಗಿರಬೇಕು, ಪುಡ್ಡಿಂಗ್ ಇವತ್ತಿನದಾಗಿರಬೇಕು. ಮಾಣಿಗೆ ತಿಳಿಯದಿದ್ದರೆ ಒಳಗಿನಿಂದ ಅಡುಗೆಯವರೇ ಬಂದು ಹೇಳುವ ಹೋಟೆಲು ಸಿಕ್ಕರೆ ಅದನ್ನು ಬಿಡಬೇಡಿ. ಒಮ್ಮೆ ಹೀಗೇ ಒಬ್ಬ ಅಕ್ಕ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, "ಇವತ್ತಿನದು ಸ್ವಲ್ಪ ಗಟ್ಟಿಯಾಗಿದೆ, ನಾಳೆ ಬನ್ನಿ" ಎಂದರು. ಮರುದಿನ ಹೋದೆ. ಒಣದ್ರಾಕ್ಷಿ ತಳಕ್ಕೆ ಇಳಿಯದೆ ಎಲ್ಲ ಕಡೆ ಹರಡಿತ್ತು, ಗೇರುಬೀಜ ಮೇಲೆ ಕೆಂಪಗಾಗಿತ್ತು, ಅಂಚಿನ ತುಂಡನ್ನೇ ನನಗೆಂದು ತೆಗೆದಿಟ್ಟಿದ್ದರು. ಟ್ರೇಯಲ್ಲಿ ಎಲ್ಲಕ್ಕಿಂತ ರುಚಿ ಆ ಅಂಚಿನದೇ. ಎರಡು ಕಡೆ ಹಪ್ಪಳಿಕೆ ಬಂದಿರುತ್ತದೆ, ಕೇಳಿ ಪಡೆಯಿರಿ.

ಮೇ ತಿಂಗಳಲ್ಲಿ ಬಂದವರು ಅಂಕೋಲೆಯ ಕರಿ ಈಶಾಡ ಮಾವಿನ ಹಣ್ಣು ಸಿಕ್ಕರೆ ಒಂದು ಹೋಳು ಜೊತೆಗಿಟ್ಟುಕೊಳ್ಳಿ. ಸಾಸ್ ಬೇಕಿಲ್ಲ.

ಪಾರ್ಸೆಲ್ ವಿಚಾರ ಒಂದು ಉಳಿಯಿತು. ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವವರು ಮನೆಯವರಿಗೆಂದು ಬ್ರೆಡ್ ಪುಡ್ಡಿಂಗ್ ಕಟ್ಟಿಸಿಕೊಳ್ಳುತ್ತಾರೆ. ಬೆಳಿಗ್ಗೆ ಮುಟ್ಟುವಷ್ಟರಲ್ಲಿ ಹನ್ನೆರಡು ತಾಸು ದಾಟಿರುತ್ತದೆ. ಬ್ಯಾಗಿನೊಳಗಿನ ಬಿಸಿಗೆ ಮೊಟ್ಟೆ ಹಾಲು ಉಳಿಯುವುದಿಲ್ಲ. ಕಾರವಾರದಲ್ಲೇ ಕೂತು ತಿಂದು ಹೋಗಿ. ಮನೆಗೆ ಒಯ್ಯಲು ಬೆಬಿಂಕಾ ತೆಗೆದುಕೊಳ್ಳಿ, ತುಪ್ಪ ಸಕ್ಕರೆ ಹೆಚ್ಚಿರುವುದರಿಂದ ಅದು ದಾರಿಯಲ್ಲಿ ಕೆಡುವುದಿಲ್ಲ. ಶಿರಸಿ ಕಡೆಯಿಂದ ಬಸ್ಸಿಗೆ ಹೋಗುವವರಿಗೆ ತೊಡದೇವಿನ ಡಬ್ಬಿ ಇದ್ದೇ ಇದೆ, ಅದನ್ನು ಲಗೇಜಿನ ಅಡಿಗೆ ಹಾಕದೆ ತೊಡೆಯ ಮೇಲೆ ಇಟ್ಟುಕೊಳ್ಳಿ.